ಅಟ್ಟದ ಮೇಲಿನ ವಾಯುಪಡೆ

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಸಿಪೆಟ್ ಇದೆ. ಪ್ಲಾಸ್ಟಿಕ್ ತಂತ್ರಜ್ಞಾನ ಕಲಿಸುವ ಕೇಂದ್ರ ಸರ್ಕಾರದ ಸಂಸ್ಥೆ ಅದು. ಅಲ್ಲಿ ಕಲಿಸುವ ಕಸುಬುಗಳಲ್ಲಿ ಇಂಜೆಕ್ಷನ್ ಮೋಲ್ಡಿಂಗ್ ಒಂದು: ಪ್ಲಾಸ್ಟಿಕ್ ಹರಳುಗಳನ್ನು ಕರಗಿಸಿ, ಭಾರಿ ಒತ್ತಡದಲ್ಲಿ ಉಕ್ಕಿನ ಅಚ್ಚಿನೊಳಕ್ಕೆ ತಳ್ಳಿ, ಗಟ್ಟಿಯಾದ ಮೇಲೆ ಬಿಡಿಸಿ ತೆಗೆಯುವ ವಿದ್ಯೆ. ಬಕೆಟ್ಟು, ಸ್ವಿಚ್ಚು, ಕಾರಿನ ಡ್ಯಾಶ್‌ಬೋರ್ಡು ಹುಟ್ಟುವುದು ಹೀಗೇ. ಇದೇ ವಿದ್ಯೆಯ ಇನ್ನೊಂದು ಸರಕು ನೋಡಬೇಕೆಂದರೆ ಹೆಬ್ಬಾಳದ ಬಡಾವಣೆಯಲ್ಲಿರುವ ನಮ್ಮಂಥವರ ಮನೆಯ ಅಟ್ಟ ಹತ್ತಬೇಕು. ಯುದ್ಧವಿಮಾನ, ಟ್ಯಾಂಕು, ಹಡಗುಗಳ ಸ್ಕೇಲ್ ಮಾಡೆಲ್ ಕಿಟ್‌ಗಳು ಡಬ್ಬಿಯ ಮೇಲೆ ಡಬ್ಬಿಯಾಗಿ ಕೂತಿರುತ್ತವೆ. ಇಂಗ್ಲೆಂಡಿನ ಏರ್‌ಫಿಕ್ಸ್, ಜಪಾನಿನ ಶಿಝುವೊಕಾದ ತಮಿಯಾ, ಇಟಲಿಯ ಇಟಲೇರಿ. ಕೆಲವು ಏರ್‌ಫಿಕ್ಸ್ ಡಬ್ಬಿಗಳ ಪಕ್ಕ ತಿರುಗಿಸಿದರೆ ‘ಮೇಡ್ ಇನ್ ಇಂಡಿಯಾ’ ಎಂದೂ ಕಾಣುತ್ತದೆ.

ಮುಚ್ಚಳದ ಮೇಲೆ ಮೋಡ ಸೀಳಿಕೊಂಡು ಹೋಗುವ ವಿಮಾನದ ಚಿತ್ರ. ಒಳಗೆ ಬೂದು ಬಣ್ಣದ ಪ್ಲಾಸ್ಟಿಕ್ ಚೌಕಟ್ಟುಗಳು, ಅವಕ್ಕೆ ಅಂಟಿಕೊಂಡೇ ಇರುವ ರೆಕ್ಕೆ, ಚಕ್ರ, ಸೀಟು. ಕರಗಿದ ಪ್ಲಾಸ್ಟಿಕ್ ಹರಿದು ಬಂದ ದಾರಿಯೇ ಗಟ್ಟಿಯಾಗಿ ಚೌಕಟ್ಟಾಗಿರುತ್ತದೆ. ಹವ್ಯಾಸಿಗಳು ಇದನ್ನು ಸ್ಪ್ರೂ ಎನ್ನುತ್ತಾರೆ. ಪ್ರತಿ ಸ್ಪ್ರೂಗೆ ಎ, ಬಿ, ಸಿ ಎಂದು ಒಂದು ಅಕ್ಷರ, ಪ್ರತಿ ತುಣುಕಿನ ಪಕ್ಕ ಕಣ್ಣು ಕಿರಿದು ಮಾಡಿ ಓದಬೇಕಾದ ಒಂದು ಅಂಕಿ. ಎ12 ಎಲ್ಲಿಗೆ ಕೂರಬೇಕು, ಬಿ7 ಅದಕ್ಕಿಂತ ಮೊದಲೋ ಆಮೇಲೋ ಎಂಬುದೆಲ್ಲ ಸೂಚನೆಯ ಹಾಳೆಯಲ್ಲಿ ಚಿತ್ರಸಮೇತ ಇರುತ್ತದೆ. ನೂರಾರು ತುಣುಕುಗಳಿದ್ದರೂ ಒಂದೂ ದಿಕ್ಕು ತಪ್ಪುವುದಿಲ್ಲ. ಡಬ್ಬಿಯೊಳಗೆ ಇಷ್ಟೊಂದು ಶಿಸ್ತು, ಡಬ್ಬಿಗಳ ರಾಶಿಗೆ ಮಾತ್ರ ಯಾವ ಶಿಸ್ತೂ ಇಲ್ಲ. ಈ ಹವ್ಯಾಸದ ದೊಡ್ಡ ತಮಾಷೆಯೇ ಇದು.

ರಾಶಿ ಬೆಳೆಯುವುದಕ್ಕೆ ಕಾರಣ ಸರಳ. ಕೊಳ್ಳಲು ಐದು ನಿಮಿಷ ಸಾಕು, ಕಟ್ಟಲು ತಿಂಗಳುಗಳು ಬೇಕು. ಕಂಪನಿಗಳು ಒಂದು ಕಿಟ್ಟನ್ನು ಒಂದಷ್ಟು ದಿನ ಮಾರಿ ನಿಲ್ಲಿಸಿಬಿಡುತ್ತವೆ, ಮತ್ತೆ ಯಾವಾಗ ಅಚ್ಚು ಹಾಕುತ್ತಾರೋ ತಿಳಿಯದು. ಹಾಗಾಗಿ ಸಿಕ್ಕಾಗ ಕೊಂಡಿಡುವುದು ಬುದ್ಧಿವಂತಿಕೆ ಎಂದು ಎಲ್ಲರೂ ತಮಗೆ ತಾವೇ ಹೇಳಿಕೊಳ್ಳುತ್ತೇವೆ. ಕಿಟ್‌ನ ಹಿಂದೆ ಅದರ ಪರಿವಾರವೂ ಬರುತ್ತದೆ: ನೀರಿನಲ್ಲಿ ನೆನೆಸಿ ಅಂಟಿಸುವ ಡೆಕಾಲ್ ಹಾಳೆ, ಹಿತ್ತಾಳೆ ತಗಡಿನಲ್ಲಿ ಕೊರೆದ ಸೀಟ್‌ಬೆಲ್ಟು, ರೆಸಿನ್‌ನ ಕಾಕ್‌ಪಿಟ್, ಗಾಜಿನ ಭಾಗಕ್ಕೆ ಬಣ್ಣ ತಾಗದಂತೆ ಮುಚ್ಚುವ ಮಾಸ್ಕು, ಬಣ್ಣದ ಬಾಟಲಿಗಳು. ಹನುಮಂತನ ಬಾಲ.

ಮೈಸೂರಿನವರಿಗೆ ಈ ತಾಪತ್ರಯ ಹೊಸದೇನಲ್ಲ. ಮದುವೆಯಲ್ಲಿ ಬಂದ ಪಟ್ಟದ ಗೊಂಬೆಯಿಂದ ಶುರುವಾಗಿ ದಸರೆಗೊಂದರಂತೆ ಸೇರುತ್ತಾ ಹೋಗುವ ಬೊಂಬೆಗಳನ್ನು ಇಲ್ಲಿನ ಹೆಂಗಸರು ತಲೆಮಾರುಗಳಿಂದ ನಿಭಾಯಿಸಿಕೊಂಡು ಬಂದಿದ್ದಾರೆ. ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಟ್ರಂಕಿಗೆ ಹಾಕಿಟ್ಟರೆ ಮುಂದಿನ ನವರಾತ್ರಿಯವರೆಗೆ ಚಿಂತೆಯಿಲ್ಲ. ದಶಾವತಾರದ ಸೆಟ್ಟಿನಲ್ಲಿ ವಾಮನನೊಬ್ಬ ಒಡೆದರೆ ಅದೇ ಅಳತೆಯ ವಾಮನ ಅಂಗಡಿಯಲ್ಲಿ ಸಿಗುವುದಿಲ್ಲ, ಸಿಕ್ಕವನು ಪರಶುರಾಮನಿಗಿಂತ ಎತ್ತರವಾಗಿರುತ್ತಾನೆ. ಅಳತೆಯ ಈ ಸಂಕಟ ಮಾಡೆಲ್ ಕಟ್ಟುವವರಿಗೂ ಚೆನ್ನಾಗಿ ಗೊತ್ತು. ಆದರೆ ಬೊಂಬೆಗಳ ಲೆಕ್ಕ ಒಬ್ಬರ ತಲೆಯಲ್ಲೇ ಉಳಿಯುವುದಕ್ಕೆ ಕಾರಣವಿದೆ: ಅಷ್ಟನ್ನೂ ವರ್ಷಕ್ಕೊಮ್ಮೆ ಹೊರಗೆ ತೆಗೆದು ಜೋಡಿಸುತ್ತಾರೆ. ಕಿಟ್‌ಗೆ ಆ ಭಾಗ್ಯವಿಲ್ಲ. ಹತ್ತು ವರ್ಷ ಮುಚ್ಚಳ ತೆರೆಯದ ಡಬ್ಬಿಯನ್ನು ಯಾವ ತಲೆ ನೆನಪಿಟ್ಟುಕೊಂಡೀತು?

ಅಳತೆಯ ಮಾತು ಬಂತು. 1/72 ಎಂದರೆ ಆರಡಿ ಮನುಷ್ಯ ಒಂದಂಗುಲ. ಅಂಬಾವಿಲಾಸ ಅರಮನೆಯ ಗೋಪುರ 145 ಅಡಿ, ಈ ಅಳತೆಯಲ್ಲಿ ಕಟ್ಟಿದರೆ ಎರಡಡಿ ಚಿಲ್ಲರೆ, ಊಟದ ಮೇಜಿನ ಮೇಲೆ ಕೂರುತ್ತದೆ. ಅದರ ಮುಂದೆ ಒಂಬತ್ತಡಿಯ ಅಂಬಾರಿ ಆನೆ ಒಂದೂವರೆ ಅಂಗುಲ. ವಿಮಾನದವರಿಗೆ 1/72 ಮತ್ತು 1/48 ಪ್ರಿಯ, ಟ್ಯಾಂಕಿನವರಿಗೆ 1/35. ಈ 1/35ಕ್ಕೆ ಯಾವ ಶಾಸ್ತ್ರವೂ ಇಲ್ಲ. ತಮಿಯಾದವರು ತಮ್ಮ ಮೊದಲ ಪ್ಯಾಂಥರ್ ಟ್ಯಾಂಕಿನೊಳಗೆ ಮೋಟಾರು, ಬ್ಯಾಟರಿ ಹಿಡಿಸಬೇಕಿತ್ತು, ಹಿಡಿಸಿದ ಮೇಲೆ ಬಂದ ಅಳತೆಯೇ ಮುಂದೆ ಜಗತ್ತಿನ ಪದ್ಧತಿಯಾಯಿತು.

ಇನ್ನು ಲೆಕ್ಕ ಇಡುವ ವಿಷಯ. ಹೆಚ್ಚಿನವರು ಮೊದಲು ಮಾಡುವುದು ಎಕ್ಸೆಲ್‌ನಲ್ಲಿ ಒಂದು ಪಟ್ಟಿ. ವಿಮಾನಗಳಿಗೆ ಒಂದು ಹಾಳೆ, ಟ್ಯಾಂಕಿಗೊಂದು, ನೌಕಾಪಡೆಗೊಂದು, ‘ಇತರೆ’ಗೊಂದು. ಸ್ವಲ್ಪ ದಿನದಲ್ಲೇ ತಕರಾರು ಶುರು. ಐಎನ್‌ಎಸ್ ವಿಕ್ರಾಂತ್ ಹಡಗಿನಿಂದ ಹಾರುತ್ತಿದ್ದ ಸೀ ಹಾಕ್ ವಿಮಾನವೋ ನೌಕಾಪಡೆಯೋ? ಡೆಕಾಲ್ ಹಾಳೆಯೊಂದರಲ್ಲಿ ಮಿಗ್‌ಗೂ ಹಂಟರ್‌ಗೂ ಗುರುತುಗಳಿದ್ದರೆ ಯಾವುದರ ಕೆಳಗೆ ಬರೆಯುವುದು? ‘ಇತರೆ’ ಎಂಬ ಹಾಳೆ ಉಳಿದೆಲ್ಲವನ್ನೂ ನುಂಗುತ್ತಾ ಹೋಗುತ್ತದೆ.

ಇದೇ ತಕರಾರನ್ನು ಬಹಳ ಹಿಂದೆಯೇ ಎದುರಿಸಿ ಪರಿಹಾರ ಹುಡುಕಿದವರು ಗ್ರಂಥಾಲಯ ವಿಜ್ಞಾನದ ಎಸ್.ಆರ್. ರಂಗನಾಥನ್. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದವರು. 1962ರಲ್ಲಿ ಅಲ್ಲಿ ಅವರು ಆರಂಭಿಸಿದ ಡಿಆರ್‌ಟಿಸಿ ಎಂಬ ಸಂಶೋಧನೆ-ತರಬೇತಿ ಕೇಂದ್ರ ಇಂದಿಗೂ ಇದೆ. 1972ರಲ್ಲಿ ತೀರಿಕೊಂಡದ್ದೂ ಬೆಂಗಳೂರಿನಲ್ಲೇ. ಗಣಿತದ ಮೇಷ್ಟರಾಗಿದ್ದ ಅವರು 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿ, ಕಸುಬು ಕಲಿಯಲು ಲಂಡನ್ನಿಗೆ ಹೋದರು. ಆಗ ಪ್ರಚಾರದಲ್ಲಿದ್ದದ್ದು ಡ್ಯೂಯಿ ದಶಮಾಂಶ ಪದ್ಧತಿ: ಜ್ಞಾನವನ್ನೆಲ್ಲ ಮೊದಲೇ ಗೂಡು ಗೂಡಾಗಿ ಹಂಚಿಟ್ಟು, ಪುಸ್ತಕ ಬಂದಾಗ ಯಾವುದಾದರೂ ಒಂದು ಗೂಡಿಗೆ ಸೇರಿಸುವುದು. ಎರಡು ಗೂಡಿಗೂ ಸಲ್ಲುವ ಪುಸ್ತಕ ಬಂದರೆ ಪಜೀತಿ. ಒಂದು ದಿನ ಸೆಲ್ಫ್‌ರಿಜಸ್ ಎಂಬ ದೊಡ್ಡ ಅಂಗಡಿಯಲ್ಲಿ ರಂಗನಾಥನ್ ಮೆಕ್ಯಾನೋ ಆಟಿಕೆಯ ಪ್ರದರ್ಶನ ನೋಡಿದರು. ನಮ್ಮ ಮಕ್ಕಳು ಮೆಕ್ಯಾನಿಕ್ಸ್ ಎಂದು ಆಡಿದ್ದು ಇದೇ ಜಾತಿಯದು: ತೂತುಪಟ್ಟಿ, ಸರಳು, ಚಕ್ರ, ನಟ್ಟು ಬೋಲ್ಟು. ಅವೇ ತುಣುಕುಗಳಲ್ಲಿ ಒಮ್ಮೆ ಕ್ರೇನು, ಬಿಚ್ಚಿ ಕಟ್ಟಿದರೆ ಸೇತುವೆ. ಗೂಡುಗಳು ಬೇಡ, ತುಣುಕುಗಳು ಸಾಕು ಎಂದು ಅವರಿಗೆ ಹೊಳೆಯಿತು. ಪುಸ್ತಕದ ವಿಷಯವನ್ನು ಮುಖಗಳಾಗಿ ಬಿಡಿಸಿ, ಪ್ರತಿ ಮುಖಕ್ಕೂ ಒಂದು ಸಂಕೇತ ಕೊಟ್ಟು, ನಡುವೆ ಕೋಲನ್ ಚಿಹ್ನೆಯ ಬೋಲ್ಟು ಹಾಕಿ ಬಿಗಿದರು. 1933ರಲ್ಲಿ ಪ್ರಕಟವಾದ ಆ ಪದ್ಧತಿಯ ಹೆಸರು ಕೋಲನ್ ಕ್ಲಾಸಿಫಿಕೇಶನ್.

ಆಟಿಕೆಯಿಂದ ಹುಟ್ಟಿದ ವಿಧಾನ ಮತ್ತೆ ಆಟಿಕೆಯ ಡಬ್ಬಿಗಳಿಗೇ ಸಲ್ಲುವುದು ನನಗಂತೂ ಬಹಳ ಇಷ್ಟ. ಮೆಕ್ಯಾನೋ ಕಂಡುಹಿಡಿದವರು ಫ್ರಾಂಕ್ ಹಾರ್ನ್‌ಬಿ, ಇವತ್ತು ಏರ್‌ಫಿಕ್ಸ್‌ನ ಒಡೆತನ ಇರುವುದು ಅವರ ಹೆಸರಿನ ಕಂಪನಿಯ ಕೈಯಲ್ಲೇ.

ರಂಗನಾಥನ್ ದಾರಿಯಲ್ಲಿ ಹೋದರೆ ಕಿಟ್‌ಗೆ ಯಾವ ಮುಖಗಳು ಬೇಕು? ಯಾವ ವಿಮಾನ, ಯಾವ ಅಳತೆ, ಡಬ್ಬಿಯ ಮೇಲೆ ಯಾರ ಹೆಸರು, ಒಳಗಿನ ಅಚ್ಚು ಯಾರದು. ಕೊನೆಯ ಎರಡನ್ನು ಬೇರೆಬೇರೆ ಬರೆಯಲೇಬೇಕು. ಒಬ್ಬರ ಅಚ್ಚಿನ ಪ್ಲಾಸ್ಟಿಕ್ಕನ್ನು ಇನ್ನೊಬ್ಬರು ತಮ್ಮ ಡಬ್ಬಿಯಲ್ಲಿ ಹಾಕಿ ಮಾರುವುದು ಈ ಉದ್ಯಮದಲ್ಲಿ ಮಾಮೂಲು. ಇಟಲೇರಿಯ 1/72 ವಿಮಾನಗಳು ತಮಿಯಾ ಡಬ್ಬಿಯಲ್ಲೂ ರೆವೆಲ್ ಡಬ್ಬಿಯಲ್ಲೂ ಬಂದಿವೆ. ಮುಚ್ಚಳದ ಚಿತ್ರ ನಂಬಿ ಮೂರು ಕಡೆ ಕೊಂಡವರ ಬಳಿ ಇರುವುದು ಒಂದೇ ವಿಮಾನದ ಮೂರು ಪ್ರತಿ.

ವಿಮಾನದ ಹೆಸರಿನ ಜತೆ ಮಾದರಿಯೂ ಬೇಕು. ಪಟ್ಟಿಯಲ್ಲಿ ಬರೀ ‘ನ್ಯಾಟ್’ ಎಂದು ಬರೆದರೆ ಏನೂ ಬರೆದಂತಾಗಲಿಲ್ಲ. ಬೆಂಗಳೂರಿನ ಎಚ್‌ಎಎಲ್ ಪರವಾನಗಿ ಪಡೆದು ತಯಾರಿಸಿದ್ದು, 1971ರ ಡಿಸೆಂಬರ್ 14ರಂದು ಶ್ರೀನಗರದ ಮೇಲೆ ವಾಯುಪಡೆಯ ಪೈಲಟ್ ನಿರ್ಮಲ್‌ಜಿತ್ ಸಿಂಗ್ ಸೇಖೋಂ ಹಾರಿಸಿದ್ದು ಒಂಟಿ ಸೀಟಿನ ನ್ಯಾಟ್. ಏರ್‌ಫಿಕ್ಸ್‌ನ ಕೆಂಪು ‘ರೆಡ್ ಆರೋಸ್’ ಡಬ್ಬಿಯಲ್ಲಿರುವುದು ಬ್ರಿಟನ್ನಿನ ಎರಡು ಸೀಟಿನ ತರಬೇತಿ ವಿಮಾನ. ದೇಹವೂ ಬೇರೆ, ರೆಕ್ಕೆಯೂ ಬೇರೆ. ಭಾರತದ ಡೆಕಾಲ್ ಅಂಟಿಸಿದ ಮಾತ್ರಕ್ಕೆ ಅದು ಸೇಖೋಂ ಅವರ ವಿಮಾನವಾಗುವುದಿಲ್ಲ. 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಬೀಳ್ಕೊಡುಗೆ ಪಡೆದ ಮಿಗ್-21ರದೂ ಇದೇ ಕಥೆ. ಎಫ್‌ಎಲ್ ಮಾದರಿಯ ಬೆನ್ನು ಸಪೂರ, ಬಿಸ್ ಮಾದರಿಯ ಬೆನ್ನು ದಪ್ಪ. ಮಾದರಿ ಬರೆಯದ ಪಟ್ಟಿ ನೋಡಿಕೊಂಡು ಡೆಕಾಲ್ ತರಿಸಿದರೆ ದುಡ್ಡು ಕೊಟ್ಟು ಅಟ್ಟಕ್ಕೆ ಇನ್ನೊಂದು ಕವರು ಸೇರಿಸಿದಂತೆ.

ಬಿಡಿ ಸಾಮಾನುಗಳ ವಿಷಯದಲ್ಲಿ ಒಂದೇ ಪ್ರಶ್ನೆ ಕೇಳಿಕೊಂಡರೆ ಸಾಕು: ಇದು ಹೊಂದುವುದು ಅಳತೆಗೋ ಅಚ್ಚಿಗೋ? ಡೆಕಾಲ್, ಬಾಂಬು, ಕ್ಷಿಪಣಿಗಳು ಅಳತೆ ಸರಿಯಿದ್ದರೆ ಯಾವ ಕಂಪನಿಯ ವಿಮಾನಕ್ಕೂ ಬಹುಮಟ್ಟಿಗೆ ಒಗ್ಗುತ್ತವೆ. ರೆಸಿನ್ ಕಾಕ್‌ಪಿಟ್ಟು, ಮಾಸ್ಕು ಹಾಗಲ್ಲ. ಒಂದು ಅಚ್ಚಿಗೆಂದೇ ಅಳೆದು ಮಾಡಿರುತ್ತಾರೆ. ಎರಡನೆಯ ಜಾತಿಯವನ್ನು ಆಯಾ ಕಿಟ್ ಡಬ್ಬಿಯೊಳಗೇ ಇಟ್ಟುಬಿಡಬೇಕು, ಮೊದಲನೆಯ ಜಾತಿಗೆ ಪ್ರತ್ಯೇಕ ಫೈಲು. ಇಷ್ಟು ಮಾಡಿದರೆ ಅರ್ಧ ಗೊಂದಲ ಕರಗುತ್ತದೆ.

ಕ್ರಮಸಂಖ್ಯೆಯನ್ನು ಗ್ರಂಥಾಲಯದ ದಾಖಲಾತಿ ರಿಜಿಸ್ಟರಿನಿಂದ ಎರವಲು ಪಡೆಯಬಹುದು. ಬಂದ ಕ್ರಮದಲ್ಲಿ ಒಂದು ಅಂಕಿ. ಕಿಟ್ ಕಟ್ಟಿಯಾದರೂ, ಸ್ನೇಹಿತರಿಗೆ ಕೊಟ್ಟರೂ ಆ ಅಂಕಿಯನ್ನು ಇನ್ನೊಂದಕ್ಕೆ ಹಾಕಕೂಡದು. ಡಬ್ಬಿ ಎಲ್ಲಿದೆ ಎಂಬುದು ಬೇರೆಯೇ ಕಾಲಂ, ಅದೂ ಪೆನ್ಸಿಲ್ಲಿನಲ್ಲಿ; ಮನೆಗೆ ನೆಂಟರು ಬಂದಾಗಲೆಲ್ಲ ಡಬ್ಬಿಗಳು ಮಂಚದಡಿಯಿಂದ ಅಟ್ಟಕ್ಕೆ ವಲಸೆ ಹೋಗುತ್ತವೆ. ಅಂಕಿಯನ್ನು ಡಬ್ಬಿಯ ಮುಚ್ಚಳದ ಮೇಲೆ ಬರೆಯುವವರಿದ್ದಾರೆ. ರಾಶಿಯಲ್ಲಿರುವಾಗ ಕಾಣುವುದು ಡಬ್ಬಿಯ ಪಕ್ಕ ಮಾತ್ರ, ಆದ್ದರಿಂದ ಚೀಟಿ ಅಂಟಬೇಕಾದ್ದು ಅಲ್ಲಿ. ಬೆಲೆಯ ಕಾಲಂ ಬೇಕೋ ಬೇಡವೋ ಎಂಬುದು ಆಯಾ ಸಂಸಾರದ ಒಳಗಿನ ಮಾತು.

ಕಂಪ್ಯೂಟರೋ ನೋಟ್‌ಬುಕ್ಕೋ ಎಂದು ಕೇಳಿದರೆ ನನ್ನ ಮತ ನೋಟ್‌ಬುಕ್ಕಿಗೆ. ಹುಡುಕುವುದಕ್ಕೆ ಕಂಪ್ಯೂಟರ್ ವಾಸಿ, ನಿಜ. ಆದರೆ ಪಟ್ಟಿ ಸುಳ್ಳಾಗುವುದು ಕೊಳ್ಳುವಾಗಲ್ಲ, ತೆಗೆಯುವಾಗ. ಒಂದು ಡಬ್ಬಿಯಿಂದ ಕ್ಷಿಪಣಿ ಕಿತ್ತು ಇನ್ನೊಂದು ವಿಮಾನಕ್ಕೆ ಸಿಕ್ಕಿಸುತ್ತೇವೆ, ಕೈತುಂಬ ಅಂಟು, ಆ ಕೈಯಲ್ಲಿ ಕೀಬೋರ್ಡು ಮುಟ್ಟುವುದುಂಟೆ? ಮೇಜಿನ ಮೂಲೆಯಲ್ಲಿ ದಾರದಲ್ಲಿ ಪೆನ್ಸಿಲ್ ಕಟ್ಟಿದ ನೋಟ್‌ಬುಕ್ಕಿದ್ದರೆ ಅಂಟಿನ ಕಲೆಯೊಂದಿಗೇ ಬರೆಯಬಹುದು.

ಲೆಕ್ಕದ ಜತೆಗೆ ರಕ್ಷಣೆ. ಬೊಂಬೆ ಟ್ರಂಕಿಗೆ ಹಾಕುವ ನುಸಿಗುಳಿಗೆಯನ್ನು ಕಿಟ್ ಡಬ್ಬಿಗಳ ಬಳಿ ಸುಳಿಯಲೂ ಬಿಡಬಾರದು. ಕಿಟ್‌ನ ಪ್ಲಾಸ್ಟಿಕ್ ಪಾಲಿಸ್ಟೈರೀನ್. ನುಸಿಗುಳಿಗೆಯ ನ್ಯಾಫ್ತಲೀನ್ ಆವಿ ಅದನ್ನು ಮೆತ್ತಗಾಗಿಸಿ ಹಾಳುಮಾಡುತ್ತದೆ. ಎರಡನ್ನೂ ಒಂದೇ ಅಟ್ಟದಲ್ಲಿ ಇಡುವ ಮನೆಗಳಲ್ಲಿ ಬೊಂಬೆ ಟ್ರಂಕು ಒಂದು ಮೂಲೆ, ಕಿಟ್ ಇನ್ನೊಂದು ಮೂಲೆ ಆಗಿರಲಿ. ಬೊಂಬೆಗಳ ನಡುವೆ ಬೇವಿನ ಎಲೆ ಹಾಕಿದರೆ ಇನ್ನೂ ಒಳ್ಳೆಯದು. ಡೆಕಾಲ್ ಹಾಳೆಗೆ ಶತ್ರು ಮಳೆಗಾಲದ ತೇವ. ಒಂದರ ಮೇಲೊಂದು ಅಂಟಿಕೊಂಡವೆಂದರೆ ಬಿಡಿಸುವಾಗ ರೆಕ್ಕೆಗೆ ಅಂಟಿಸುವ ಚಕ್ರದ ಗುರುತು ಪಕ್ಕದ ಹಾಳೆಗೆ ಹೋಗಿರುತ್ತದೆ. ಜಿಪ್ ಕವರು, ನಡುವೆ ಬೆಣ್ಣೆ ಕಾಗದ, ಶೂ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಸಾಕು. ಹಳದಿಗಟ್ಟಿದ ಹಾಳೆಯನ್ನು ಕವರಿನಲ್ಲಿ ಹಾಕಿ ಬಿಸಿಲು ಬೀಳುವ ಕಿಟಕಿ ಗಾಜಿಗೆ ಅಂಟಿಸಿದರೆ ಕೆಲವು ದಿನಗಳಲ್ಲಿ ಬಿಳುಪಾಗುವುದುಂಟು.

ಬಣ್ಣದ ಬಾಟಲಿಗಳದು ಬೇರೆ ಪಟ್ಟಿ. ತಮಿಯಾದಲ್ಲಿ ಎಕ್ಸ್-1 ಹೊಳಪಿನ ಕಪ್ಪು, ಎಕ್ಸ್‌ಎಫ್-1 ಹೊಳಪಿಲ್ಲದ ಕಪ್ಪು. ಆ ‘ಎಫ್’ ಒಂದನ್ನು ಬಿಟ್ಟು ಬರೆದರೆ ಟ್ಯಾಂಕಿನ ಟೈರು ಮಿಂಚತೊಡಗುತ್ತದೆ. ಇಲ್ಲಿ ಹೆಸರಿಗಿಂತ ಮುಚ್ಚಳ ತೆರೆದ ತಿಂಗಳು ಮುಖ್ಯ. ತೆರೆದ ಬಾಟಲಿ ಯಾವತ್ತಿದ್ದರೂ ಒಣಗುತ್ತದೆ, ಪಟ್ಟಿಯಲ್ಲಿ ಮಾತ್ರ ತುಂಬಿಯೇ ಇರುತ್ತದೆ.

ಒಟ್ಟು ತಪಾಸಣೆಗೆ ಮೈಸೂರಿನಲ್ಲಿ ದಿನ ಹುಡುಕಬೇಕಿಲ್ಲ. ನವರಾತ್ರಿಗೆ ಬೊಂಬೆ ಇಳಿಸಲು ಹೇಗೂ ಅಟ್ಟಕ್ಕೆ ಏಣಿ ಹಾಕಿರುತ್ತದೆ, ಕಿಟ್ ಡಬ್ಬಿಗಳ ಅಂಕಿಯನ್ನು ನೋಟ್‌ಬುಕ್ಕಿನೊಂದಿಗೆ ತಾಳೆ ನೋಡಲು ಅದೇ ಸಮಯ. ಆಯುಧಪೂಜೆಯ ದಿನ ಸ್ಕೂಟರಿನ ಪಕ್ಕ ಏರ್‌ಬ್ರಶ್ಶು, ಕಂಪ್ರೆಸರು, ಬ್ಲೇಡು, ಚಿಮುಟಗಳೂ ತೊಳೆಸಿಕೊಂಡು ಕುಂಕುಮ ಇಡಿಸಿಕೊಳ್ಳುತ್ತವೆ. ಅವಕ್ಕೆ ಹೂವು ಏರಿಸುವ ಮುಂಚೆ ಬಾಟಲಿಗಳನ್ನು ಒಂದೊಂದಾಗಿ ಅಲ್ಲಾಡಿಸಿ ನೋಡಬೇಕು. ಸದ್ದು ಬರದವು ಕಸಕ್ಕೆ, ಪಟ್ಟಿಯಲ್ಲಿ ಅವುಗಳ ಮೇಲೆ ಗೀಟು.