34.67 ಪಾಸೋ ಫೇಲೋ? ದಶಮಾಂಶವನ್ನು ಪೂರ್ಣಾಂಕವಾಗಿಸುವ ಒಂದು ಪಾಠ

ಬೋಧನಾಭ್ಯಾಸದ ಎರಡನೆಯ ವಾರ ನಾನು ಒಂಬತ್ತನೆಯ ತರಗತಿಗೆ ಪೈಥಾನ್ ಭಾಷೆಯಲ್ಲಿ ಸರಾಸರಿ ಕಂಡುಹಿಡಿಯುವ ಪಾಠ ಮಾಡಿದೆ. ಮೂರು ಕಿರುಪರೀಕ್ಷೆಗಳ ಅಂಕ ಕೊಟ್ಟರೆ ಪ್ರೋಗ್ರಾಂ ಸರಾಸರಿ ತೆಗೆಯಬೇಕು. 35 ಅಥವಾ ಅದಕ್ಕಿಂತ ಹೆಚ್ಚಿದ್ದರೆ ‘ಪಾಸ್’, ಇಲ್ಲದಿದ್ದರೆ ‘ಫೇಲ್’ ಎಂದು ತೋರಿಸಬೇಕು. ಪರದೆಯ ಮೇಲೆ ಉದ್ದನೆಯ ದಶಮಾಂಶ ಕಾಣದಿರಲಿ ಎಂದು ಸರಾಸರಿಯನ್ನು ‘ಇಂಟ್’ ಫಂಕ್ಷನ್ನಿಗೆ ಕೊಟ್ಟಿದ್ದೆ. ಒಬ್ಬ ಹುಡುಗಿ ತನ್ನದೇ ಅಂಕಗಳನ್ನು ಹಾಕಿದಳು: 34, 35, 35. ಮೊತ್ತ 104, ಸರಾಸರಿ ಸುಮಾರು 34.67. ಪರದೆಯಲ್ಲಿ ಬಂದದ್ದು ‘34, ಫೇಲ್’. ತರಗತಿ ನಕ್ಕಿತು, ಅವಳು ನಗಲಿಲ್ಲ. “ಸರ್, ಮ್ಯಾತ್ಸ್ ಮಿಸ್ ಹೇಳಿಕೊಟ್ಟ ಹಾಗೆ 35 ಆಗ್ಬೇಕಲ್ವಾ?” ಎಂದು ಕೇಳಿದಳು. “ಕಂಪ್ಯೂಟರ್ ಹಾಗೇ ಮಾಡುತ್ತೆ” ಎಂದು ಹೇಳಿ ನಾನು ಮುಂದಿನ ಉದಾಹರಣೆಗೆ ಹೋದೆ.

ಪಾಠ ವೀಕ್ಷಿಸಿದ ಮಾರ್ಗದರ್ಶಕ ಶಿಕ್ಷಕರು ಪುಸ್ತಕದಲ್ಲಿ ಒಂದೇ ಸಾಲು ಬರೆದಿದ್ದರು: “ಕಂಪ್ಯೂಟರ್ ತಾನಾಗಿ ಮಾಡಲಿಲ್ಲ, ನೀವು ಹೇಳಿದ್ದನ್ನು ಮಾಡಿತು.” ಆ ಸಾಲಿನಿಂದಲೇ ನನ್ನ ಮರುಪಾಠ ಹುಟ್ಟಿತು.

ದಶಮಾಂಶ ಸಂಖ್ಯೆಯನ್ನು ಪೂರ್ಣಾಂಕ ಮಾಡಲು ಒಂದೇ ದಾರಿಯಿಲ್ಲ, ಪೈಥಾನ್‌ನಲ್ಲಿ ಸಾಮಾನ್ಯವಾಗಿ ಬಳಸುವ ದಾರಿಗಳು ನಾಲ್ಕು. ‘ಇಂಟ್’ ಬಿಂದುವಿನ ನಂತರದ ಭಾಗವನ್ನು ಕತ್ತರಿಸಿ ಬಿಸಾಡುತ್ತದೆ. ‘ಫ್ಲೋರ್’ ಕೆಳಗಿನ ಪೂರ್ಣಾಂಕಕ್ಕೆ ಇಳಿಸುತ್ತದೆ. ‘ಸೀಲ್’ ಮೇಲಿನ ಪೂರ್ಣಾಂಕಕ್ಕೆ ಏರಿಸುತ್ತದೆ. ‘ರೌಂಡ್’ ಹತ್ತಿರದ ಪೂರ್ಣಾಂಕಕ್ಕೆ ತರುತ್ತದೆ. ಫ್ಲೋರ್ ಮತ್ತು ಸೀಲ್ ಬಳಸಲು ‘ಮ್ಯಾತ್’ ಮಾಡ್ಯೂಲನ್ನು ಮೊದಲು ತರಿಸಿಕೊಳ್ಳಬೇಕು.

2.7 ಎಂಬ ಸಂಖ್ಯೆಗೆ ಇಂಟ್ ಮತ್ತು ಫ್ಲೋರ್ ಎರಡೂ 2 ಎನ್ನುತ್ತವೆ. ಹಾಗಾಗಿ ಎರಡೂ ಒಂದೇ ಎಂದು ಮಕ್ಕಳು ತಿಳಿಯುತ್ತಾರೆ. ಪಾಠ ಯೋಜನೆ ಬರೆಯುವಾಗ ನಾನೂ ಹಾಗೆಯೇ ತಿಳಿದಿದ್ದೆ. ವ್ಯತ್ಯಾಸ ಕಾಣುವುದು ಋಣ ಸಂಖ್ಯೆಯಲ್ಲಿ. -2.7ಕ್ಕೆ ಇಂಟ್ ಕೊಡುವುದು -2, ಫ್ಲೋರ್ ಕೊಡುವುದು -3, ಸೀಲ್ ಕೊಡುವುದು -2, ರೌಂಡ್ ಕೊಡುವುದು -3.

ಇದನ್ನು ಕರಿಹಲಗೆಯಲ್ಲಿ ಹೇಳುವ ಬದಲು ಶಾಲೆಯ ಜಗುಲಿಯಲ್ಲಿ ಸೀಮೆಸುಣ್ಣದಿಂದ -4ರಿಂದ 4ರವರೆಗೆ ಸಂಖ್ಯಾರೇಖೆ ಎಳೆದೆ. ಒಬ್ಬರು -2.7ರ ಜಾಗದಲ್ಲಿ ನಿಲ್ಲಬೇಕು. ನಾನು ‘ಇಂಟ್’ ಎಂದರೆ ಸೊನ್ನೆಯ ಕಡೆಗೆ, ‘ಫ್ಲೋರ್’ ಎಂದರೆ ಎಡಕ್ಕೆ, ‘ಸೀಲ್’ ಎಂದರೆ ಬಲಕ್ಕೆ ಹೆಜ್ಜೆ ಇಟ್ಟು ಮೊದಲು ಸಿಗುವ ಪೂರ್ಣಾಂಕದಲ್ಲಿ ನಿಲ್ಲಬೇಕು. ‘ರೌಂಡ್’ ಎಂದರೆ ಹತ್ತಿರದ್ದಕ್ಕೆ. ಹತ್ತು ನಿಮಿಷದಲ್ಲಿ, ಸೊನ್ನೆಯ ಬಲಕ್ಕೆ ನಿಂತಾಗ ಇಂಟ್ ಫ್ಲೋರ್‌ನಂತೆ, ಎಡಕ್ಕೆ ನಿಂತಾಗ ಸೀಲ್‌ನಂತೆ ನಡೆಯುತ್ತದೆ ಎಂದು ಮಕ್ಕಳೇ ಹೇಳಿದರು.

ಬಳಿಕ ಸಂದರ್ಭಗಳನ್ನು ಕೊಟ್ಟೆ. 130 ಮಕ್ಕಳು ಪ್ರವಾಸಕ್ಕೆ ಹೊರಟಿದ್ದಾರೆ, ಒಂದು ಬಸ್ಸಿಗೆ 50 ಜನ. ಭಾಗಿಸಿದರೆ 2.6. ಇಲ್ಲಿ ಕತ್ತರಿಸಿದರೆ 30 ಮಕ್ಕಳು ಶಾಲೆಯಲ್ಲೇ ಉಳಿಯುತ್ತಾರೆ, ಬೇಕಾದದ್ದು ಸೀಲ್. 100 ರೂಪಾಯಿಗೆ 30 ರೂಪಾಯಿಯ ನೋಟ್‌ಬುಕ್ ಎಷ್ಟು ಬರುತ್ತದೆ? 3.33ಕ್ಕೆ ಫ್ಲೋರ್ ಸಾಕು. ಭಿನ್ನ ಭಾಗವನ್ನು ಏನು ಮಾಡಬೇಕೆಂದು ಸಂದರ್ಭ ಹೇಳುತ್ತದೆ, ಫಂಕ್ಷನ್ ಅದನ್ನು ಪಾಲಿಸುತ್ತದೆ.

ಹಾಗಾದರೆ ಅಂಕಕ್ಕೆ ರೌಂಡ್ ಹಾಕಿದರೆ ಸರಿಹೋಯಿತೇ? 34.67 ಈಗ 35 ಆಯಿತು. ಅಷ್ಟರಲ್ಲಿ ಒಬ್ಬ ಹುಡುಗ ಎರಡೇ ಪರೀಕ್ಷೆಯ ಅಂಕ, 34 ಮತ್ತು 35, ಹಾಕಿ ನೋಡಿದ. ಸರಾಸರಿ 34.5. ರೌಂಡ್ ಕೊಟ್ಟದ್ದು 34! ಈ ಸಲ ನಾನು ತಯಾರಾಗಿದ್ದೆ. ಸರಿಯಾಗಿ ಅರ್ಧ ಬಂದಾಗ ಪೈಥಾನ್‌ನ ರೌಂಡ್ ಹತ್ತಿರದ ಸಮ ಸಂಖ್ಯೆಗೆ ಹೋಗುತ್ತದೆ. 2.5 ಆದರೆ 2, 3.5 ಆದರೆ 4. ಕಾರಣವನ್ನು ಮಕ್ಕಳ ಕೈಯಲ್ಲೇ ಲೆಕ್ಕ ಹಾಕಿಸಿದೆ. 0.5, 1.5, 2.5, 3.5 ಇವುಗಳ ನಿಜ ಮೊತ್ತ 8. ಎಲ್ಲ ಅರ್ಧವನ್ನೂ ಮೇಲಕ್ಕೆ ಏರಿಸಿದರೆ 1, 2, 3, 4 ಸೇರಿ 10. ಸಮ ಸಂಖ್ಯೆಗೆ ತಂದರೆ 0, 2, 2, 4 ಸೇರಿ 8. ಹೀಗೆ ಮಾಡಿದರೆ ದೊಡ್ಡ ಪಟ್ಟಿಗಳಲ್ಲಿ ಮೊತ್ತ ಒಂದೇ ಕಡೆಗೆ ವಾಲುವುದಿಲ್ಲ. ಗಣಿತ ತರಗತಿಯ ನಿಯಮವೇ ಬೇಕಿದ್ದರೆ, ಅಂಕಗಳಂಥ ಧನ ಸಂಖ್ಯೆಗಳಿಗೆ 0.5 ಕೂಡಿಸಿ ಫ್ಲೋರ್ ಮಾಡಿದರಾಯಿತು: 34.5 ಮತ್ತು 0.5 ಸೇರಿ 35. ಎಲ್ಲ ಭಾಷೆಗಳೂ ಪೈಥಾನಿನಂತಲ್ಲ, ಜಾವಾದ ‘ಮ್ಯಾತ್.ರೌಂಡ್’ 2.5ಕ್ಕೆ 3 ಕೊಡುತ್ತದೆ.

ಪಾಠ ಮಾಡುವವರು ಎದುರಿಸುವ ಇನ್ನೆರಡು ತೊಡಕುಗಳನ್ನು ಹೇಳಿಬಿಡುತ್ತೇನೆ. ಮೊದಲನೆಯದು, ಕೀಲಿಮಣೆಯಿಂದ ಬರುವ 34.67 ಪೈಥಾನಿಗೆ ಅಕ್ಷರಮಾಲೆ, ಸಂಖ್ಯೆಯಲ್ಲ. ಅದನ್ನು ನೇರವಾಗಿ ಇಂಟ್‌ಗೆ ಕೊಟ್ಟರೆ ದೋಷ ಬರುತ್ತದೆ. ಮೊದಲು ‘ಫ್ಲೋಟ್’, ಆಮೇಲೆ ಇಂಟ್. ಎರಡನೆಯದು, 19.99 ರೂಪಾಯಿಯನ್ನು ಪೈಸೆ ಮಾಡಲು 100ರಿಂದ ಗುಣಿಸಿ ಇಂಟ್ ಹಾಕಿದರೆ 1999ರ ಬದಲು 1998 ಬರುತ್ತದೆ. ಕಂಪ್ಯೂಟರ್ 19.99ನ್ನು ದ್ವಿಮಾನ ಪದ್ಧತಿಯಲ್ಲಿ ನಿಖರವಾಗಿ ಹಿಡಿದಿಡಲಾರದು. ಗುಣಲಬ್ಧ 1999ಕ್ಕಿಂತ ಕೂದಲೆಳೆಯಷ್ಟು ಕಡಿಮೆ ಬರುತ್ತದೆ, ಇಂಟ್ ಆ ಇಡೀ ಭಿನ್ನ ಭಾಗವನ್ನು ಕತ್ತರಿಸುತ್ತದೆ. ಅಲ್ಲಿ ರೌಂಡ್ ಬಳಸಬೇಕು.

ಕೊನೆಗೆ ಆ ಹುಡುಗಿಯ ಪ್ರಶ್ನೆಗೆ ಮರಳಿದೆ. 34.67 ಪಾಸೋ ಫೇಲೋ ಎಂಬುದನ್ನು ಶಾಲೆಯ ನಿಯಮ ನಿರ್ಧರಿಸಬೇಕು, ಪರದೆ ಚೆನ್ನಾಗಿ ಕಾಣಲಿ ಎಂದು ನಾನು ಹಾಕಿದ ಇಂಟ್ ಅಲ್ಲ. ಆದ್ದರಿಂದ ಸರಾಸರಿಯನ್ನು ದಶಮಾಂಶವಾಗಿಯೇ ಇಟ್ಟುಕೊಂಡು, ನಿಯಮ ಏನೆಂದು ಮೊದಲು ಕನ್ನಡದಲ್ಲಿ ಒಂದು ವಾಕ್ಯ ಬರೆದು, ಆಮೇಲೆ ಫಂಕ್ಷನ್ ಆರಿಸಿ ಎಂದೆ. ಅವಳು ಬರೆದ ವಾಕ್ಯ: “ಅರ್ಧ ಅಥವಾ ಹೆಚ್ಚಿದ್ದರೆ ಮುಂದಿನ ಅಂಕ ಕೊಡಬೇಕು.” ಅದಕ್ಕೆ ತಕ್ಕ ಸಾಲನ್ನೂ ತಾನೇ ಬರೆದು ನಡೆಸಿದಳು. ಈಗ ನನ್ನ ಪಾಠ ಯೋಜನೆಯಲ್ಲಿ ಆ ವಾಕ್ಯ ಬರೆಸುವುದೇ ಮೊದಲ ಚಟುವಟಿಕೆ.