‘ಇಷ್ಟಾದರೂ ಮೀನು ತುಟ್ಟಿ ಎನ್ನುತ್ತಾರೆ!’ — ಒಂದು ತೈಲಚಿತ್ರದ ಪರಿಚಯ

ಸ್ಪೇನ್ ದೇಶದ ರಾಜಧಾನಿ ಮ್ಯಾಡ್ರಿಡ್ ನಗರದಲ್ಲಿ ಪ್ರಾಡೊ ಎಂಬ ಜಗತ್ಪ್ರಸಿದ್ಧ ಚಿತ್ರಸಂಗ್ರಹಾಲಯವಿದೆ. ಅರಸರ ಮತ್ತು ಸಂತರ ಚಿತ್ರಗಳಿಗೆ ಹೆಸರಾದ ಆ ಸಂಗ್ರಹದಲ್ಲಿ ಮೂವರು ಬಡ ಮೀನುಗಾರರ ಚಿತ್ರವೊಂದೂ ಸೇರಿದೆ. ಅದನ್ನು ಹ್ವಾಕಿನ್ ಸೊರೊಯಾ ಎಂಬ ಕಲಾವಿದ 1894ರಲ್ಲಿ ಬರೆದನು. ‘ಇಷ್ಟಾದರೂ ಮೀನು ತುಟ್ಟಿ ಎನ್ನುತ್ತಾರೆ!’ ಎಂಬುದು ಚಿತ್ರದ ಹೆಸರು. ಚಿತ್ರಕ್ಕೆ ಇಂಥ ಹೆಸರೇಕೆ ಎಂಬುದನ್ನು ವಾಚಕರಿಗೆ ತಿಳಿಸುವುದು ನಮ್ಮ ಉದ್ದೇಶ.

ಮೊದಲು ಚಿತ್ರವನ್ನು ನೋಡೋಣ. ಅದು ಸುಮಾರು 5 ಅಡಿ ಎತ್ತರ, 6½ ಅಡಿಗೂ ಮಿಕ್ಕಿ ಅಗಲವಾಗಿದೆ. ನಾವು ಕಾಣುವುದು ಮೀನುಗಾರರ ದೋಣಿಯ ಒಡಲೊಳಗಿನ ಇಕ್ಕಟ್ಟಾದ ಜಾಗ. ಕಡಲಲ್ಲಿ ಕೆಲಸ ನಡೆದಿರುವಾಗ ಹುಡುಗನೊಬ್ಬ ಗಾಯಗೊಂಡಿದ್ದಾನೆ. ಬರಿಮೈಯ ಹುಡುಗನ ಮುಖ ಬಿಳುಪೇರಿದೆ. ಕೊರಳಲ್ಲಿ ರಕ್ಷೆಯ ತಾಯಿತದಂಥ ಪದಕವೊಂದು ತೂಗುತ್ತಿದೆ. ವಯಸ್ಸಾದ ಇಬ್ಬರು ಜೊತೆಗಾರರಲ್ಲಿ ಒಬ್ಬನು ಅವನ ಭುಜ ಹಿಡಿದು ಆನಿಸಿಕೊಂಡಿದ್ದಾನೆ. ಇನ್ನೊಬ್ಬನು ಪಾತ್ರೆಯ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಗಾಯಕ್ಕೆ ಒತ್ತುತ್ತಿದ್ದಾನೆ. ಮೇಲೆ ಒಂದು ದೀಪ ನೇತಾಡುತ್ತಿದೆ. ಅಂದು ಹಿಡಿದ ಮೀನಿನ ರಾಶಿ ಹಿಂದುಗಡೆ ಬಿದ್ದಿದೆ. ಆ ಮೂವರಲ್ಲಿ ಯಾರೂ ಅದರತ್ತ ನೋಡುತ್ತಿಲ್ಲ. ಹುಡುಗ ಬದುಕುವನೋ ಇಲ್ಲವೋ, ಚಿತ್ರಗಾರ ಹೇಳಿಲ್ಲ.

ಇದು ತೈಲಚಿತ್ರ. ಬಣ್ಣದ ಪುಡಿಯನ್ನು ಅಗಸೆ ಎಣ್ಣೆಯಂಥ ಒಣಗುವ ಎಣ್ಣೆಯಲ್ಲಿ ಅರೆದು, ಬಿಗಿದು ಕಟ್ಟಿದ ಬಟ್ಟೆಯ ಮೇಲೆ ಕುಂಚದಿಂದ ಹಚ್ಚುತ್ತಾರೆ. ನಮ್ಮ ಉತ್ತರ ಕರ್ನಾಟಕದವರಿಗೆ ಅಗಸೆ ಚೆನ್ನಾಗಿ ಗೊತ್ತು. ಅದರ ಹಿಂಡಿ ಇಲ್ಲದೆ ಊಟ ರುಚಿಸದವರೂ ನಮ್ಮಲ್ಲಿದ್ದಾರೆ. ಈ ಎಣ್ಣೆ ನೀರಿನಂತೆ ಆರಿಹೋಗುವುದಿಲ್ಲ. ಗಾಳಿಯ ಆಮ್ಲಜನಕವನ್ನು ಹೀರಿ ಮೆಲ್ಲಮೆಲ್ಲನೆ ಗಟ್ಟಿಯಾಗುತ್ತದೆ. ಆದುದರಿಂದ ಬಣ್ಣ ಹಸಿಯಿರುವಾಗಲೇ ಒಂದರೊಳಗೊಂದು ಬೆರೆಸಲು ಕಲಾವಿದನಿಗೆ ಸಮಯ ಸಿಗುತ್ತದೆ. ದೋಣಿಯೊಳಗಿನ ಮಬ್ಬು, ಹುಡುಗನ ಮೈಮೇಲೆ ಬಿದ್ದ ಬೆಳಕು, ಮೀನಿನ ಹೊಳಪು, ಇವೆಲ್ಲ ಸಾಧ್ಯವಾದದ್ದು ಹೀಗೆ.

ಸೊರೊಯಾ ಸಿರಿವಂತರ ಮನೆಯ ಮಗನಲ್ಲ. ಕಡಲತೀರದ ವಾಲೆನ್ಸಿಯಾ ಪಟ್ಟಣದಲ್ಲಿ 1863ರಲ್ಲಿ ಹುಟ್ಟಿದ. 1865ರ ಕಾಲರಾ ಬೇನೆಗೆ ತಂದೆತಾಯಿಗಳಿಬ್ಬರೂ ತುತ್ತಾದರು. ಅನಾಥನಾದ ಕೂಸನ್ನು ಸಾಕಿದವರು ತಾಯಿಯ ತಂಗಿ ಮತ್ತು ಆಕೆಯ ಗಂಡ. ಆ ಚಿಕ್ಕಪ್ಪ ಬೀಗ ಮಾಡುವ ಕಸುಬಿನವನು. ಅವನ ಕಾರ್ಖಾನೆಯಲ್ಲಿ ದುಡಿಯುತ್ತ, ಕುಶಲಕರ್ಮಿಗಳಿಗಾಗಿ ನಡೆಯುತ್ತಿದ್ದ ಸಂಜೆಯ ಶಾಲೆಯಲ್ಲಿ ಹುಡುಗ ಚಿತ್ರಕಲೆ ಕಲಿತ. ಹಗಲು ದುಡಿದು ರಾತ್ರಿಶಾಲೆಗೆ ಹೋಗುವ ನಮ್ಮ ತರುಣರು ಇದನ್ನು ಗಮನಿಸಬೇಕು.

1895ರಲ್ಲಿ ಮ್ಯಾಡ್ರಿಡ್‌ನ ರಾಷ್ಟ್ರೀಯ ಪ್ರದರ್ಶನದಲ್ಲಿ ಈ ಚಿತ್ರಕ್ಕೆ ಮೊದಲ ದರ್ಜೆಯ ಪದಕ ಬಂದಿತು. ಸರಕಾರವೇ ಅದನ್ನು ಕೊಂಡುಕೊಂಡಿತು. ಅದೇ ವರ್ಷ ಅದೇ ಊರಿನ ಲೇಖಕ, ಸೊರೊಯಾನ ಗೆಳೆಯ, ಬ್ಲಾಸ್ಕೊ ಇಬಾನ್ಯೆಸ್ ಮೀನುಗಾರರ ಬಾಳನ್ನು ಕುರಿತ ಕಾದಂಬರಿಯೊಂದನ್ನು ಪ್ರಕಟಿಸಿದ. ಅದರ ಕೊನೆಯಲ್ಲಿ ಬಿರುಗಾಳಿಗೆ ದೋಣಿ ಒಡೆದು ಜನ ಸಾಯುತ್ತಾರೆ. ಮೀನು ಮಾರುವ ಮುದುಕಿಯೊಬ್ಬಳು ಪಟ್ಟಣದ ಕಡೆಗೆ ಮುಷ್ಟಿ ಎತ್ತಿ ಆಡುವ ಮಾತೇ ಈ ಚಿತ್ರದ ಹೆಸರು.

ತುಟ್ಟಿ ಎನ್ನುವವರೆಲ್ಲ ಕಲ್ಲೆದೆಯವರೆಂದು ಇದರ ಅರ್ಥವಲ್ಲ. ತಿಂಗಳ ಕೊನೆಯ ವಾರ ನಾವೂ ಪೇಟೆಯಲ್ಲಿ ಆ ಮಾತು ಆಡುತ್ತೇವೆ. ಸಂಬಳ ಎಣಿಸಿ ಬದುಕುವವರು ಆಡದಿರುವುದು ಹೇಗೆ? ಕೊಳ್ಳುವವನೂ ಬಡವ, ಹಿಡಿದವನೂ ಬಡವ. ಕೊಟ್ಟ ಹಣವೆಲ್ಲ ಕಡಲಿಗೆ ಹೋದವನ ಕೈ ಸೇರುವುದೂ ಇಲ್ಲ. ಚಿತ್ರ ನಮ್ಮನ್ನು ಕೇಳುವುದು ಇಷ್ಟೇ: ಬೆಲೆಯ ಲೆಕ್ಕ ಹಾಕುವಾಗ ಹುಡುಗನ ನೆತ್ತರನ್ನು ಯಾವ ಖಾತೆಗೆ ಬರೆದಿರಿ?

ಗಿರಣಿಯ ಕಚೇರಿಯಲ್ಲಿ ಹಾಜರಿ ಬರೆಯುವ ನಮಗೆ ಈ ಪ್ರಶ್ನೆ ಹೊಸದಲ್ಲ. ಯಂತ್ರಕ್ಕೆ ಕೈ ಸಿಕ್ಕು ಮನೆಯಲ್ಲಿ ಮಲಗಿದವನ ಹೆಸರಿನ ಮುಂದೆ ಪುಸ್ತಕದಲ್ಲಿ ಬೀಳುವುದು ಒಂದು ಸಣ್ಣ ಗುರುತು. ಬಟ್ಟೆಯ ಥಾನಿನ ಮೇಲೆ ಆ ಗುರುತೂ ಇರುವುದಿಲ್ಲ. ಅಂಗಡಿಯಲ್ಲಿ ಕೊಳ್ಳುವವರು ವಾರಿನ ದರವನ್ನಷ್ಟೇ ಕೇಳುತ್ತಾರೆ. ಸೊರೊಯಾ ಮಾಲನ್ನು ಮೂಲೆಗೆ ಸರಿಸಿ, ಮಾಲು ತಂದವನನ್ನು ಬೆಳಕಿಗೆ ತಂದನು. ಮುಂದೆ ಬಿಸಿಲು ತುಂಬಿದ ಕಡಲತೀರದ ಚಿತ್ರಗಳಿಂದ ಆತ ಲೋಕಪ್ರಸಿದ್ಧನಾಗಿ 1923ರಲ್ಲಿ ತೀರಿಕೊಂಡ. ಆದರೂ ಕೂಲಿಕಾರರಾದ ನಮಗೆ ಈ ಮಬ್ಬು ದೋಣಿಯ ಚಿತ್ರವೇ ಹೆಚ್ಚು ಹತ್ತಿರದ್ದೆನಿಸುತ್ತದೆ.

ಚಿತ್ರದ ಅಚ್ಚುಪ್ರತಿಯೊಂದನ್ನು ವಾಚನಾಲಯದ ಮೇಜಿನ ಮೇಲೆ ಇರಿಸಿದ್ದೇವೆ. ಪಾಳಿ ಮುಗಿಸಿ ಬರುವ ಬಂಧುಗಳು ತಪ್ಪದೆ ನೋಡಬೇಕೆಂದು ವಿನಂತಿ.