ಇಡುಗಂಟಿಲ್ಲದ ವಾಗ್ದಾನ

ಅಮೆರಿಕದ ಡೆಟ್ರಾಯಿಟ್ ಎಂದೊಡನೆ ಮೋಟಾರು ಕಾರುಗಳ ನೆನಪಾಗುವುದು ಸಹಜ. 1950ರಲ್ಲಿ ಆ ನಗರದಲ್ಲಿ 18 ಲಕ್ಷಕ್ಕೂ ಮಿಕ್ಕಿ ಜನರಿದ್ದರು. ಕಾರ್ಖಾನೆಗಳ ಸಿರಿಯನ್ನು ಕಂಡ ನಗರಾಡಳಿತವು ತನ್ನ ನೌಕರರಿಗೆ ಎರಡು ಭರವಸೆಗಳನ್ನಿತ್ತಿತು: ಮುಪ್ಪಿನಲ್ಲಿ ವಿಶ್ರಾಂತಿ ವೇತನ, ಕಾಯಿಲೆ ಬಿದ್ದಾಗ ಔಷಧೋಪಚಾರದ ವೆಚ್ಚ.

ಕಾಲ ತಿರುಗಿತು. ಕಾರ್ಖಾನೆಗಳು ಮುಚ್ಚಿದವು, ಜನ ಊರು ಬಿಟ್ಟರು. 2010ರ ಜನಗಣತಿಯ ವೇಳೆಗೆ ಉಳಿದವರು 7 ಲಕ್ಷ ಚಿಲ್ಲರೆ. ತೆರಿಗೆ ಕೊಡುವವರು ಕರಗಿದರು. ದುಡಿಯುವ ಒಬ್ಬ ನೌಕರನಿಗೆ ಇಬ್ಬರು ನಿವೃತ್ತರೆಂಬ ಸ್ಥಿತಿ ಒದಗಿತು. 2013ರ ಜುಲೈ 18ರಂದು, ಸುಮಾರು 1,800 ಕೋಟಿ ಡಾಲರುಗಳ ಹೊರೆ ಹೊತ್ತ ನಗರವು ದಿವಾಳಿಯ ಅರ್ಜಿ ಸಲ್ಲಿಸಿತು.

ವಿಶ್ರಾಂತಿ ವೇತನಕ್ಕೆ ಮಿಚಿಗನ್ ರಾಜ್ಯದ ಸಂವಿಧಾನದ ರಕ್ಷೆಯಿತ್ತು. ಆದರೆ ದಿವಾಳಿ ಕಾನೂನಿನ ಮುಂದೆ ಆ ರಕ್ಷೆಯೂ ನಿಲ್ಲದೆಂದು ನ್ಯಾಯಾಧೀಶ ಸ್ಟೀವನ್ ರೋಡ್ಸ್ 2013ರ ಡಿಸೆಂಬರಿನಲ್ಲಿ ತೀರ್ಪಿತ್ತರು. ಸಾಲಿಗರ ದೃಷ್ಟಿ ನಗರದ ಕಲಾ ಸಂಗ್ರಹಾಲಯದ ಮೇಲೆ ಬಿತ್ತು. ವ್ಯಾನ್ ಗೋ, ಬ್ರೂಗೆಲ್ ಮೊದಲಾದವರ ಚಿತ್ರಗಳನ್ನು ಮಾರಬೇಕೆ, ಮುದುಕರ ಅನ್ನವನ್ನು ಕಸಿಯಬೇಕೆ? ಕೊನೆಗೆ ದತ್ತಿಸಂಸ್ಥೆಗಳು, ರಾಜ್ಯ ಸರ್ಕಾರ ಮತ್ತು ಸಂಗ್ರಹಾಲಯ ಕೂಡಿ 80 ಕೋಟಿ ಡಾಲರಿಗೂ ಹೆಚ್ಚು ಹಣ ಕೊಡಲೊಪ್ಪಿದವು. ಚಿತ್ರಗಳು ಉಳಿದವು, ನಿವೃತ್ತರಿಗೆ ಬೀಳಬೇಕಾಗಿದ್ದ ಪೆಟ್ಟೂ ಹಗುರಾಯಿತು.

ಆದರೂ ಪೊಲೀಸ್ ಮತ್ತು ಅಗ್ನಿಶಾಮಕ ದಳಗಳನ್ನು ಬಿಟ್ಟು ಉಳಿದ ನಿವೃತ್ತರ ಮಾಸಿಕ ವೇತನದಲ್ಲಿ ನೂರಕ್ಕೆ ನಾಲ್ಕೂವರೆ ಪಾಲು ಕಡಿತವಾಯಿತು. ಬೆಲೆಯೇರಿಕೆಗೆ ತಕ್ಕಂತೆ ದೊರೆಯುತ್ತಿದ್ದ ವಾರ್ಷಿಕ ಹೆಚ್ಚಳ ನಿಂತೇಹೋಯಿತು. ವೈದ್ಯಕೀಯ ಭರವಸೆಯ ಗತಿ ಇನ್ನೂ ಶೋಚನೀಯ. ಅದರಲ್ಲಿ ಉಳಿದದ್ದು ಸುಮಾರು ಹತ್ತನೆಯ ಒಂದು ಪಾಲು ಮಾತ್ರ.

ಎರಡಕ್ಕೂ ಇಷ್ಟೊಂದು ಅಂತರವೇಕೆ? ವಿಶ್ರಾಂತಿ ವೇತನದ ಹಿಂದೆ, ಸಾಲದಿದ್ದರೂ, ವರ್ಷವರ್ಷವೂ ಕೂಡಿಟ್ಟ ನಿಧಿಯೊಂದಿತ್ತು. ಔಷಧೋಪಚಾರದ ವೆಚ್ಚಕ್ಕಾದರೋ ಹೇಳಿಕೊಳ್ಳುವಂಥ ಇಡುಗಂಟಿರಲಿಲ್ಲ. ಆಯಾ ವರ್ಷದ ವರಮಾನದಿಂದಲೇ ಅದು ಸಾಗುತ್ತಿತ್ತು. ವರಮಾನ ಬತ್ತಿದೊಡನೆ ಮಾತೂ ಬತ್ತಿತು. ಸಂವಿಧಾನದ ರಕ್ಷೆಯೂ ಅದಕ್ಕಿರಲಿಲ್ಲ.

ಮಾತು ಕೊಡುವಾಗ ಆಳುವವರಿಗೆ ಖರ್ಚೇನೂ ಕಾಣದು. ಸಂಬಳ ಏರಿಸಿದರೆ ಅಂದೇ ಹಣ ಬೇಕು. ಮುಪ್ಪಿನ ಭರವಸೆಗಾದರೆ ಬಿಲ್ಲು ಬರುವುದು ಮೂವತ್ತು ವರ್ಷಗಳ ಅನಂತರ, ಬೇರೊಬ್ಬರ ಆಡಳಿತದಲ್ಲಿ. ಆದರೆ ಆ ಮೂವತ್ತು ವರ್ಷಗಳೂ ಬಸ್ಸು ನಡೆಸಿದವರು, ನೀರಿನ ಕೊಳವೆ ದುರಸ್ತಿ ಮಾಡಿದವರು ತಮ್ಮ ಪಾಲಿನ ಮಾತನ್ನು ದಿನದಿನವೂ ಸಲ್ಲಿಸಿದ್ದರು. ಮುಪ್ಪಿನಲ್ಲಿ ಮತ್ತೆ ದುಡಿದು ನಷ್ಟ ತುಂಬಿಕೊಳ್ಳುವ ಶಕ್ತಿ ಅವರಿಗೆಲ್ಲಿಯದು? ಕೊಟ್ಟ ಮಾತಿನ ಬೆಲೆಯನ್ನು ಕೊಟ್ಟ ವರ್ಷವೇ ತೆಗೆದಿಡುವುದು ಬರಿಯ ಲೆಕ್ಕಪತ್ರದ ಶಿಸ್ತಲ್ಲ. ದುಡಿದವರಿಗೆ ಸಲ್ಲಬೇಕಾದ ನ್ಯಾಯ.